ಗುರುವಾರ ನಿಂತ ಗಂಟೆ, ಶನಿವಾರ ರಾತ್ರಿಯ ಹಾಡು

ಈಸ್ಟರ್ ಹಬ್ಬದ ಹಿಂದಿನ ಶನಿವಾರ ರಾತ್ರಿ ಯಾವುದಾದರೂ ಕಥೋಲಿಕ ಚರ್ಚಿನ ಅಂಗಳಕ್ಕೆ ಹೋದವರಿಗೆ ಮೊದಲು ಎದುರಾಗುವುದು ಕತ್ತಲೆ. ಒಳಗಿನ ದೀಪಗಳನ್ನೆಲ್ಲ ಆರಿಸಿರುತ್ತಾರೆ. ಜನ ಹೊತ್ತಿಸದ ಮೇಣದಬತ್ತಿ ಹಿಡಿದು, ತಗ್ಗಿದ ದನಿಯಲ್ಲಿ ಮಾತಾಡುತ್ತ ಹೊರಗೆ ನಿಂತಿರುತ್ತಾರೆ. ವರ್ಷದ ಅತಿ ದೊಡ್ಡ ಹಬ್ಬ, ಆದರೆ ಗಂಟೆಯ ಸದ್ದಿಲ್ಲ, ಆರ್ಗನ್ ಇಲ್ಲ, ಕ್ರಿಸ್ಮಸ್ಸಿನಂತೆ ಧ್ವನಿವರ್ಧಕದ ಹಾಡೂ ಇಲ್ಲ. ಇನ್ನೆರಡು ತಾಸು ಕಳೆಯುವಷ್ಟರಲ್ಲಿ ಅದೇ ಚರ್ಚಿನಲ್ಲಿ ಗೋಪುರದ ದೊಡ್ಡ ಗಂಟೆಯಿಂದ ಹಿಡಿದು ಪೀಠದ ಪಕ್ಕದ ಕೈಗಂಟೆಯವರೆಗೆ ಸದ್ದು ಮಾಡಬಲ್ಲದ್ದೆಲ್ಲ ಒಟ್ಟಿಗೆ ಮೊಳಗುತ್ತದೆ. ಪಾಸ್ಖ ಜಾಗರಣೆ ಎನ್ನುವ ಈ ಆರಾಧನೆಯಲ್ಲಿ ಯಾವ ಹಾಡು ಯಾವಾಗ ಬರುತ್ತದೆ, ಯಾಕೆ ಬರುತ್ತದೆ, ಅದು ಬರುವ ಮುಂಚೆ ಏನನ್ನು ತಡೆಹಿಡಿದಿರುತ್ತಾರೆ ಎನ್ನುವುದು ಗೊತ್ತಿದ್ದರೆ ಆ ರಾತ್ರಿ ಪೂರ್ತಿ ಬೇರೆಯೇ ಆಗಿ ಕೇಳಿಸುತ್ತದೆ.

ಪೂಜೆಯ ನಡುವೆ ಜನಕ್ಕೆ ಬೇಸರವಾಗದಿರಲೆಂದು ಹಾಡು ಸೇರಿಸುತ್ತಾರೆ ಎಂದುಕೊಂಡವರು ಬಹಳ. ಬಹಳಷ್ಟು ಭಾನುವಾರಗಳಲ್ಲಿ ಅದು ಸುಳ್ಳೂ ಅಲ್ಲವೆನ್ನಿ. ಆದರೆ ಪವಿತ್ರ ವಾರದ ಕೊನೆಯ ಮೂರು ದಿನ ಹಾಡೇ ಗಡಿಯಾರ. ಯಾವುದು ಕೇಳಿಸುತ್ತಿದೆ, ಯಾವುದು ಕೇಳಿಸುತ್ತಿಲ್ಲ ಎನ್ನುವುದರಿಂದಲೇ ಕಥೆ ಎಲ್ಲಿಗೆ ಬಂದಿದೆಯೆಂದು ಜನ ತಿಳಿಯುತ್ತಾರೆ.

ತಡೆಹಿಡಿಯುವ ಕೆಲಸ ಬಹಳ ಮುಂಚೆ, ವಿಭೂತಿ ಬುಧವಾರದಂದೇ ಶುರುವಾಗುತ್ತದೆ. ಅಂದಿನಿಂದ ತಪಸ್ಸುಕಾಲ. ಅಲ್ಲೆಲೂಯ ಎನ್ನುವ ಘೋಷ ಪೂಜೆಯಿಂದ ಪೂರ್ತಿ ಮಾಯವಾಗುತ್ತದೆ; ಶುಭಸಂದೇಶ ಓದುವ ಮುಂಚೆ ಅದರ ಜಾಗದಲ್ಲಿ ಬೇರೊಂದು ವಚನ ಹಾಡುತ್ತಾರೆ. ಭಾನುವಾರಗಳ ಮಹಿಮಾಗೀತೆ, ಅಂದರೆ ಗ್ಲೋರಿಯ, ಕೂಡ ಇಲ್ಲ. ಆರ್ಗನ್ ಮತ್ತಿತರ ವಾದ್ಯಗಳು ಹಾಡುವವರ ಶ್ರುತಿ ತಪ್ಪದಂತೆ ಆಸರೆ ಕೊಡುವಷ್ಟಕ್ಕೆ ಸೀಮಿತ. ಹಾಡು ನಿಂತ ಮೇಲೆ ವಾದ್ಯವೊಂದೇ ಮುಂದುವರಿಯುವಂತಿಲ್ಲ. ನಾಲ್ಕನೆಯ ಭಾನುವಾರಕ್ಕೆ ಇದರಿಂದ ಸ್ವಲ್ಪ ಸಡಿಲಿಕೆಯುಂಟು. ಅಂದು ಗುಲಾಬಿ ಬಣ್ಣದ ಪೂಜಾವಸ್ತ್ರ ತೊಡಲೂಬಹುದು, ಆರ್ಗನ್ ಒಂಟಿಯಾಗಿ ನುಡಿಯಲೂಬಹುದು.

ಒಂದು ಪದ ಹಾಡುವುದನ್ನು ಬಿಡುವುದು ಜನಕ್ಕೆ ಎಷ್ಟು ದೊಡ್ಡ ಸಂಗತಿಯಾಗಿತ್ತು ಎಂದರೆ, ಮಧ್ಯಯುಗದ ಫ್ರಾನ್ಸಿನ ತೂಲ್ ಪಟ್ಟಣದಲ್ಲಿ ಗಾನವೃಂದದ ಹುಡುಗರು ಅಲ್ಲೆಲೂಯಕ್ಕೆ ಶವಯಾತ್ರೆಯನ್ನೇ ಮಾಡಿ ಹೂಳುತ್ತಿದ್ದರು. ಪೂರ್ವದ ಆರ್ಥೊಡಾಕ್ಸ್ ಸಭೆಗಳ ದಾರಿ ನೇರ ಇದಕ್ಕೆ ಉಲ್ಟಾ: ಅವರು ಉಪವಾಸ ಕಾಲದ ವಾರದ ದಿನಗಳ ಬೆಳಗಿನ ಪ್ರಾರ್ಥನೆಯಲ್ಲಿ ಅಲ್ಲೆಲೂಯವನ್ನು ಬೇಕೆಂದೇ ಸೇರಿಸುತ್ತಾರೆ. ಹಾಗಾಗಿ ಇಲ್ಲಿ ಹೇಳುತ್ತಿರುವುದು ರೋಮನ್ ಕ್ರಮದ ಮಾತು ಮಾತ್ರ.

ಪವಿತ್ರ ಗುರುವಾರ ಸಂಜೆ ಎಲ್ಲ ಒಮ್ಮೆ ಉಕ್ಕುತ್ತದೆ. ಕೊನೆಯ ಭೋಜನವನ್ನು ನೆನೆಯುವ ಆ ಪೂಜೆಯಲ್ಲಿ ಗ್ಲೋರಿಯ ಮರಳುತ್ತದೆ, ಅದನ್ನು ಹಾಡುವಾಗ ಗಂಟೆಗಳನ್ನೆಲ್ಲ ಬಾರಿಸುತ್ತಾರೆ. ಹಾಡು ಮುಗಿದೊಡನೆ ಗಂಟೆ ಬಂದ್. ಶನಿವಾರ ರಾತ್ರಿಯ ಗ್ಲೋರಿಯದವರೆಗೆ ಅವು ಮತ್ತೆ ಅಲುಗುವುದಿಲ್ಲ. ವಾದ್ಯಗಳೂ ಹಾಡಿಗೆ ಆಸರೆಯಾಗಿ ಮಾತ್ರ. ಗಂಟೆಗಳೆಲ್ಲ ರೋಮಿಗೆ ಹಾರಿಹೋಗಿವೆ, ಈಸ್ಟರಿಗೆ ವಾಪಸ್ ಬರುತ್ತವೆ ಎಂದು ಫ್ರಾನ್ಸಿನಲ್ಲಿ ಮಕ್ಕಳಿಗೆ ಕಥೆ ಹೇಳುತ್ತಾರೆ. ಗಂಟೆಯ ಬದಲು ಅನೇಕ ಕಡೆ ಮರದ ಸದ್ದುಗಾರ ಬರುತ್ತದೆ: ಹಲಗೆಗೆ ಸುತ್ತಿಗೆಯಂಥ ತುಂಡೊಂದನ್ನು ಜೋಡಿಸಿದ್ದು, ಅಲುಗಾಡಿಸಿದರೆ ಕಟಕಟ ಎಂದು ಬಡಿಯುತ್ತದೆ. ಪೋರ್ಚುಗೀಸರು ಇದಕ್ಕೆ ಮತ್ರಾಕ ಎನ್ನುತ್ತಾರೆ. ಇಂಪು ಎನ್ನುವಂಥದ್ದೇನೂ ಆ ಸದ್ದಿನಲ್ಲಿಲ್ಲ, ಇರಬಾರದೆಂದೇ ಅದನ್ನು ಬಳಸುವುದು.

ಅದೇ ಸಂಜೆಯ ಇನ್ನೊಂದು ಹಾಡಿನ ಲೆಕ್ಕಾಚಾರ ನೋಡಬೇಕು. ಪೂಜೆಯ ಕೊನೆಗೆ ಪರಮಪ್ರಸಾದವನ್ನು ಮೆರವಣಿಗೆಯಲ್ಲಿ ಬೇರೊಂದು ಪೀಠಕ್ಕೆ ಒಯ್ಯುತ್ತಾರೆ. ಆಗ ಹಾಡುವುದು 13ನೆಯ ಶತಮಾನದ 'ಪಾಂಜೆ ಲಿಂಗ್ವ'. ಬರೆದವರು ಸಂತ ಥಾಮಸ್ ಅಕ್ವಿನಾಸ್ ಎಂಬುದು ಪರಂಪರೆಯ ಮಾತು. ಅದರಲ್ಲಿ ಆರು ಪದ್ಯ. ಮೊದಲ ನಾಲ್ಕು ನಡಿಗೆಗೆ, ಕೊನೆಯ ಎರಡು ತಲುಪಿದ ಮೇಲೆ ಮೊಣಕಾಲೂರಿ ಧೂಪ ಹಾಕುವುದಕ್ಕೆ. ಚರ್ಚು ದೊಡ್ಡದಿದ್ದು ದಾರಿ ಉದ್ದವಾದರೆ ನಾಲ್ಕನ್ನೇ ಸುತ್ತಿ ಸುತ್ತಿ ಹಾಡಬೇಕು. ಐದನೆಯದಕ್ಕೆ ಕೈ ಹಾಕುವಂತಿಲ್ಲ. ಹಿಂದುಗಡೆ ಮೂಲೆಯಲ್ಲಿರುವ ಗಾನವೃಂದಕ್ಕೆ ಮೆರವಣಿಗೆಯ ತಲೆ ಎಲ್ಲಿದೆಯೆಂದು ಕಾಣದಿದ್ದರೆ ಐದನೆಯ ಪದ್ಯ ದಾರಿಯಲ್ಲೇ ಶುರುವಾಗಿಬಿಡುತ್ತದೆ. ಅದಕ್ಕೆ ಅನುಭವಸ್ಥರು ಒಬ್ಬ ಹುಡುಗನನ್ನು ಕಂಬದ ಪಕ್ಕ ನಿಲ್ಲಿಸಿ ಕೈಸನ್ನೆಗೆ ಕಾಯುತ್ತಾರೆ.

ಆ ಪೂಜೆಗೆ ಸಮಾಪ್ತಿ ಎಂಬುದಿಲ್ಲ. ಆಶೀರ್ವಾದವಿಲ್ಲ, ಹೋಗಿಬನ್ನಿ ಎನ್ನುವ ಮಾತಿಲ್ಲ, ಕೊನೆಯ ಗೀತೆಯಿಲ್ಲ. ಮರುದಿನ ಶುಭ ಶುಕ್ರವಾರದ ಆರಾಧನೆಗೆ ಆರಂಭಗೀತೆಯೂ ಇಲ್ಲ. ಗುರುಗಳು ಸದ್ದಿಲ್ಲದೆ ಬಂದು ಬರಿಯ ಪೀಠದ ಮುಂದೆ ಸಾಷ್ಟಾಂಗ ಬೀಳುತ್ತಾರೆ. ಗುರುವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನದು ಒಂದೇ ಆರಾಧನೆ, ನಡುವೆ ಜನ ಮನೆಗೆ ಹೋಗಿ ಬರುತ್ತಾರೆ ಅಷ್ಟೆ. ಇದನ್ನು ಬಾಯಲ್ಲಿ ಯಾರೂ ಹೇಳಬೇಕಿಲ್ಲ, ಶುರುವಿನ ಹಾಡು ಮತ್ತು ಮುಗಿಸುವ ಹಾಡು ಎರಡೂ ಇಲ್ಲದಿರುವುದೇ ಹೇಳುತ್ತದೆ.

ಶುಕ್ರವಾರದ ನಡುಮನೆ ಎಂದರೆ ಸಂತ ಯೊವಾನ್ನರ ಶುಭಸಂದೇಶದಿಂದ ಬರುವ ಯೇಸುವಿನ ಪಾಡುಗಳ ವೃತ್ತಾಂತ. ಹಳೆಯ ಕ್ರಮದಲ್ಲಿ ಇದನ್ನು ಮೂವರು ಸ್ವರವೆತ್ತಿ ಪಠಿಸುತ್ತಿದ್ದರು, ಈಗಲೂ ಅನುಕೂಲವಿರುವ ಕಡೆ ಹಾಗೆಯೇ. ಒಬ್ಬ ನಿರೂಪಕ, ಒಬ್ಬ ಕ್ರಿಸ್ತ, ಇನ್ನೊಬ್ಬ ಪಿಲಾತ, ಪೇತ್ರ, ಗುಂಪು ಇತ್ಯಾದಿ ಉಳಿದೆಲ್ಲರೂ. ಸಾಧ್ಯವಾದರೆ ಕ್ರಿಸ್ತನ ಮಾತು ಪೂಜೆ ನಡೆಸುವ ಗುರುಗಳದು. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ, ಕ್ರಿಸ್ತನ ದನಿ ಕೆಳಗಿನ ಷಡ್ಜದಲ್ಲಿ ನಿಂತರೆ ನಿರೂಪಕ ಪಂಚಮದಲ್ಲಿ ನಡೆಯುತ್ತಾನೆ, ಗುಂಪು ಮೇಲಿನ ಷಡ್ಜದಲ್ಲಿ ಕಿರುಚುತ್ತದೆ. ಮೈಕ್ ಇಲ್ಲದ ಕಾಲದ ದೊಡ್ಡ ದೇವಾಲಯದಲ್ಲಿ, ಲ್ಯಾಟಿನ್ ತಿಳಿಯದವನಿಗೂ ಈಗ ಮಾತಾಡಿದ್ದು ಯಾರೆಂದು ಸ್ವರದ ಎತ್ತರದಿಂದಲೇ ಗೊತ್ತಾಗುತ್ತಿತ್ತು. ಈ ಮೂರು ದನಿಗಳ ಪಠಣವೇ ಶತಮಾನಗಳಲ್ಲಿ ಬೆಳೆದು ವಾದ್ಯವೃಂದ, ಮೇಳಗಾನಗಳ ದೊಡ್ಡ ಕೃತಿಗಳಾಯಿತು. ಯೊಹಾನ್ ಸೆಬಾಸ್ಟಿಯನ್ ಬಾಖ್ ತನ್ನ 'ಸೇಂಟ್ ಜಾನ್ ಪ್ಯಾಶನ್' ಅನ್ನು ಲೈಪ್‌ಜಿಗ್‌ನ ಸೇಂಟ್ ನಿಕೊಲಾಸ್ ಚರ್ಚಿನಲ್ಲಿ ಮೊದಲು ಹಾಡಿಸಿದ್ದು 1724ರ ಶುಭ ಶುಕ್ರವಾರ. ಅದು ಲೂಥರನ್ ಚರ್ಚು, ಅಲ್ಲಿ ವಾದ್ಯಗಳಿಗೆ ರೋಮನ್ ಕ್ರಮದ ಈ ಕಟ್ಟು ಇರಲಿಲ್ಲ. ಸ್ಪೇನಿನ ಕಾಡಿಜ್ ಊರು ಕಥೋಲಿಕರದೇ ಆದರೂ, 1780ರ ದಶಕದಲ್ಲಿ ಹೈಡನ್‌ನಿಂದ ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳಿಗೆ ವಾದ್ಯಸಂಗೀತವನ್ನೇ ಬರೆಸಿಕೊಂಡಿತು. ಪ್ರತಿ ಮಾತಿಗೂ ಒಂದು ಪ್ರವಚನ, ಅದರ ಹಿಂದೆ ಒಂದು ನಿಧಾನಗತಿಯ ಭಾಗ. ನಿಯಮ ಎಲ್ಲ ಊರಿನಲ್ಲೂ ಒಂದೇ ಬಿಗಿಯಲ್ಲಿ ನಡೆದದ್ದೇನಲ್ಲ.

ಏಳು ಮಾತುಗಳ ಈ ಪದ್ಧತಿ ಕರ್ನಾಟಕದ ಪ್ರಾಟೆಸ್ಟಂಟ್ ಪರಂಪರೆಯ ಸಿಎಸ್‌ಐ ಚರ್ಚುಗಳಲ್ಲಿ ಚೆನ್ನಾಗಿ ಬೇರುಬಿಟ್ಟಿದೆ. ಶುಭ ಶುಕ್ರವಾರ ಮಧ್ಯಾಹ್ನ ಮೂರು ತಾಸು, ಒಂದೊಂದು ಮಾತಿಗೆ ಒಬ್ಬೊಬ್ಬರ ಪ್ರಸಂಗ, ನಡುನಡುವೆ ಕನ್ನಡ ಕೀರ್ತನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು ಜರ್ಮನಿಯ ಕೋರಾಲ್ ಧಾಟಿಗಳನ್ನು ಜೊತೆಗೆ ತಂದಿದ್ದರು. ಕರಾವಳಿಯ ಹಳೆಯ ಸಭೆಗಳಲ್ಲಿ ಇಂದಿಗೂ ಜನ ನಾಲ್ಕು ದನಿಗಳಲ್ಲಿ ಕನ್ನಡ ಹಾಡುವುದನ್ನು ಕೇಳಬಹುದು. ಅದಕ್ಕೇ ಒಂದು ಪ್ರತ್ಯೇಕ ಲೇಖನ ಬೇಕು. ಈಗ ಶನಿವಾರಕ್ಕೆ ಬರೋಣ.

ಶನಿವಾರ ಹಗಲೆಲ್ಲ ಪೂಜೆಯಿಲ್ಲ. ಜಾಗರಣೆ ಕತ್ತಲಾದ ಮೇಲೇ ಶುರುವಾಗಬೇಕು, ಭಾನುವಾರ ಬೆಳಕು ಹರಿಯುವ ಮುಂಚೆ ಮುಗಿಯಬೇಕು. ಇಷ್ಟು ಸರಳ ವಿಷಯ ನೂರಾರು ವರ್ಷ ಕೆಟ್ಟಿತ್ತು. ಹಗಲಿಗೆ ಜಾರುತ್ತ ಬಂದಿದ್ದ ಜಾಗರಣೆಗೆ 16ನೆಯ ಶತಮಾನದಲ್ಲಿ ಮಧ್ಯಾಹ್ನದ ನಂತರ ಪೂಜೆ ಕೂಡದೆಂಬ ಕಟ್ಟಳೆ ಸೇರಿ ಅದು ಶನಿವಾರ ಬೆಳಗಿನ ಕಾರ್ಯಕ್ರಮವಾಯಿತು. ಹೊತ್ತು ಏರಿ ಕಿಟಕಿಯಿಂದ ಬಿಸಿಲು ಬೀಳುತ್ತಿರುವಾಗ ಮೇಣದಬತ್ತಿ ಹಚ್ಚಿ, ಈ ರಾತ್ರಿ ಎಷ್ಟು ಧನ್ಯ ಎಂದು ಹಾಡುತ್ತಿದ್ದರು. ಕೇಳಲು ಬರುತ್ತಿದ್ದವರೂ ಬೆರಳೆಣಿಕೆಯ ಜನ. 1951ರಲ್ಲಿ ಹನ್ನೆರಡನೆಯ ಪಯಸ್ ಪೋಪರು ಪ್ರಯೋಗವೆಂದು ರಾತ್ರಿಯ ಜಾಗರಣೆಗೆ ಒಪ್ಪಿಗೆ ಕೊಟ್ಟರು. 1955ರಲ್ಲಿ ಪವಿತ್ರ ವಾರವನ್ನೇ ತಿದ್ದಿ ಕಟ್ಟಿದಾಗ ಅದು ಎಲ್ಲೆಡೆಯ ಕ್ರಮವಾಯಿತು. ನಾವಿಂದು ಪುರಾತನವೆಂದು ನೋಡುವ ಕತ್ತಲೆ ಅದರ ಈಗಿನ ರೂಪದಲ್ಲಿ ನಮ್ಮ ಅಜ್ಜಂದಿರ ಕಾಲದ್ದು.

ಹೊರಗೆ ಬೆಂಕಿ ಹಾಕಿ, ಆ ಬೆಂಕಿಯಿಂದ ಪಾಸ್ಖ ಬತ್ತಿಯನ್ನು ಹೊತ್ತಿಸುತ್ತಾರೆ. ಆಳೆತ್ತರದ ದಪ್ಪ ಮೇಣದಬತ್ತಿ, ಅದರ ಮೇಲೆ ಆ ವರ್ಷದ ನಾಲ್ಕು ಅಂಕಿ. ಗುರುಗಳ ಕೆಳಗಿನ ದರ್ಜೆಯ ದೀಕ್ಷೆ ಪಡೆದ ಸೇವಕರಾದ ಡೀಕನ್ ಅದನ್ನೆತ್ತಿಕೊಂಡು ಕತ್ತಲ ಚರ್ಚಿನೊಳಗೆ ನಡೆಯುತ್ತಾರೆ. ಬಾಗಿಲಲ್ಲಿ ಒಮ್ಮೆ, ನಡುವಿನಲ್ಲಿ ಒಮ್ಮೆ, ಪೀಠದ ಮುಂದೆ ಒಮ್ಮೆ ನಿಂತು, ಇದು ಕ್ರಿಸ್ತನ ಬೆಳಕು ಎಂದು ಸಾರುವ ಪುಟ್ಟ ಸಾಲೊಂದನ್ನು ಹಾಡುತ್ತಾರೆ. ಜನ ದೇವರಿಗೆ ವಂದನೆ ಹೇಳಿ ಉತ್ತರಿಸುತ್ತಾರೆ. ಪ್ರತಿ ಸಲವೂ ಶ್ರುತಿ ಒಂದು ಮೆಟ್ಟಿಲು ಮೇಲೆ. ಎರಡನೆಯ ಸಲಕ್ಕೆ ಜನ ತಮ್ಮ ಬತ್ತಿಗಳನ್ನು ಹೊತ್ತಿಸಿಕೊಳ್ಳತೊಡಗುತ್ತಾರೆ. ಬೆಳಕು ಹಿಂದಿನಿಂದ ಮುಂದಕ್ಕೆ ಹಬ್ಬಿದ ಹಾಗೆ ಸ್ವರವೂ ಏರುತ್ತದೆ.

ಕೇಳಲು ಸುಲಭವೆನಿಸುವ ಇದರಲ್ಲೇ ಎಡವುವವರು ಹೆಚ್ಚು. ಮೊದಲನೆಯದನ್ನು ಉತ್ಸಾಹದಿಂದ ಎತ್ತರದಲ್ಲಿ ಎತ್ತಿಕೊಂಡರೆ ಮೂರನೆಯದಕ್ಕೆ ಗಂಟಲು ಹರಿಯುತ್ತದೆ, ಜನರಂತೂ ಬಾಯಿ ಮುಚ್ಚಿಕೊಳ್ಳುತ್ತಾರೆ. ತಮಗೆ ಸ್ವಲ್ಪ ತಗ್ಗಾಯಿತು ಅನ್ನಿಸುವಲ್ಲಿಂದ ಶುರು ಮಾಡುವುದೇ ಸರಿ. ವಾದ್ಯದ ಆಸರೆ ಸಿಗುವುದಿಲ್ಲ, ಕೈಯಲ್ಲಿ ಭಾರದ ಬತ್ತಿ, ಎದುರು ಕತ್ತಲೆ. ಹೊರಗೆ ಬೆಂಕಿಯ ಹತ್ತಿರ ನಿಂತಿರುವಾಗಲೇ ಯಾರಾದರೂ ಕಿವಿಯಲ್ಲಿ ಷಡ್ಜ ಗುನುಗಿದರೆ ಸಾಕು. ಈಗ ಮೊಬೈಲಿನಲ್ಲೇ ಶ್ರುತಿಪೆಟ್ಟಿಗೆ ಇರುವುದರಿಂದ ಆ ಕಷ್ಟವೂ ಕಡಿಮೆ.

ದೀಪ ಯಾವಾಗ ಹಾಕಬೇಕು ಎನ್ನುವುದರ ಮೇಲೆ ಪ್ರತಿ ಧರ್ಮಕೇಂದ್ರದಲ್ಲೂ ಒಂದು ಚರ್ಚೆ ನಡೆದಿರುತ್ತದೆ. ಪೂಜಾಗ್ರಂಥದ ಪ್ರಕಾರ ಮೂರನೆಯ ಘೋಷಣೆ ಮುಗಿದೊಡನೆ ಚರ್ಚಿನ ದೀಪಗಳು ಹೊತ್ತಬೇಕು, ಪೀಠದ ಬತ್ತಿಗಳು ಮಾತ್ರ ಗ್ಲೋರಿಯಕ್ಕೆ ಕಾಯಬೇಕು. ಆದರೆ ಬಹಳ ಕಡೆ ಎಲ್ಲ ದೀಪಗಳನ್ನೂ ಗ್ಲೋರಿಯದವರೆಗೆ ತಡೆಯುತ್ತಾರೆ, ಗಂಟೆ ಮತ್ತು ಟ್ಯೂಬ್‌ಲೈಟ್ ಒಟ್ಟಿಗೆ ಬಂದರೆ ಪರಿಣಾಮ ಜೋರು ಎಂದು. ನಾನು ಗ್ರಂಥದ ಪಕ್ಷ. ಗಂಟೆಗಳು ತಾವಾಗಿಯೇ ಸಾಕು, ಅವಕ್ಕೆ ವಿದ್ಯುತ್ ಮಂಡಳಿಯ ನೆರವು ಬೇಕಿಲ್ಲ.

ಈಗ ಬರುವುದು ಇಡೀ ರಾತ್ರಿಯ ದೊಡ್ಡ ಒಂಟಿದನಿಯ ಹಾಡು: 'ಎಕ್ಸುಲ್ತೆತ್', ಪಾಸ್ಖ ಪ್ರಘೋಷ. ಬತ್ತಿಯನ್ನು ಅದರ ಕಂಬದಲ್ಲಿ ನಿಲ್ಲಿಸಿ, ಧೂಪ ಹಾಕಿ, ಎಲ್ಲರೂ ಹೊತ್ತಿದ ಬತ್ತಿ ಹಿಡಿದು ನಿಂತಿರುವಾಗ ಡೀಕನ್ ಒಬ್ಬರೇ ಸುಮಾರು ಹತ್ತು ನಿಮಿಷ ಹಾಡುತ್ತಾರೆ. ಡೀಕನ್ ಇಲ್ಲದಿದ್ದರೆ ಗುರುಗಳು, ಅವರಿಗೂ ಆಗದಿದ್ದರೆ ಗಾನವೃಂದದ ಯಾರಾದರೂ. ಆದರೆ ದೀಕ್ಷೆ ಪಡೆಯದ ಗಾಯಕರು ಹಾಡುವಾಗ, ದೇವಸೇವಕರಲ್ಲಿ ಒಬ್ಬನಾದ ತನಗಾಗಿ ಪ್ರಾರ್ಥಿಸಿರಿ ಎಂದು ಕೇಳಿಕೊಳ್ಳುವ ಭಾಗವನ್ನೂ ಅದರ ಹಿಂದೆ ಬರುವ ವಂದನೆಯನ್ನೂ ಬಿಡಬೇಕು. ಅಭ್ಯಾಸದ ದಿನವೇ ಆ ಸಾಲುಗಳಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದಿಟ್ಟುಕೊಂಡರೆ ಒಳ್ಳೆಯದು, ಬತ್ತಿಯ ಬೆಳಕಿನಲ್ಲಿ ಹುಡುಕುತ್ತ ಕೂರಲಾಗದು. ಚಿಕ್ಕ ರೂಪವೂ ಒಂದಿದೆ.

ಹಾಡಿನ ಒಡಲಲ್ಲಿ ಏನಿದೆ? ಮೊದಲು ಸ್ವರ್ಗ, ಭೂಮಿ, ಸಭೆ ಮೂರನ್ನೂ ಹಿಗ್ಗಿರೆಂದು ಕರೆಯುತ್ತದೆ. ಆಮೇಲೆ ಈ ಒಂದು ರಾತ್ರಿಯನ್ನೇ ಮತ್ತೆ ಮತ್ತೆ ಬೊಟ್ಟುಮಾಡಿ ತೋರಿಸುತ್ತ, ಇಸ್ರಾಯೇಲರು ಕೆಂಪುಸಮುದ್ರ ದಾಟಿದ್ದು, ಬೆಂಕಿಯ ಕಂಬ ಕತ್ತಲೆ ಓಡಿಸಿದ್ದು, ಕ್ರಿಸ್ತ ಸಾವಿನಿಂದ ಎದ್ದದ್ದು ಎಲ್ಲವನ್ನೂ ಆ ಒಂದೇ ರಾತ್ರಿಗೆ ತಂದು ಕಟ್ಟುತ್ತದೆ. ಆದಾಮನ ತಪ್ಪನ್ನೇ ಭಾಗ್ಯವೆಂದು ಕರೆಯುವ ಧೈರ್ಯವೂ ಅದಕ್ಕಿದೆ. ಕೊನೆಯಲ್ಲಿ ಬತ್ತಿಯನ್ನು ದೇವರಿಗೆ ಒಪ್ಪಿಸುವಾಗ, ಅದರ ಮೇಣ ಮಾಡಿಕೊಟ್ಟ ಜೇನ್ನೊಣಗಳನ್ನು ನೆನೆಯುತ್ತದೆ. 1970ರ ದಶಕದ ಇಂಗ್ಲಿಷ್ ಪಾಠದಲ್ಲಿ ಈ ಜೇನ್ನೊಣಗಳು ಬಿಟ್ಟುಹೋಗಿದ್ದವು. 2011ರ ಪರಿಷ್ಕೃತ ಪಾಠದಲ್ಲಿ ಮರಳಿದವು. ದೇವಶಾಸ್ತ್ರದ ಅಷ್ಟು ಭಾರದ ಮಾತುಗಳ ನಡುವೆ ಒಂದು ಕೀಟದ ದುಡಿಮೆಗೆ ಜಾಗವಿದೆ ಎನ್ನುವುದೇ ನನಗೆ ಈ ಪ್ರಘೋಷದಲ್ಲಿ ಅತಿ ಇಷ್ಟದ ಸಂಗತಿ.

ಇದರ ಧಾಟಿಯಲ್ಲಿ ಆಲಾಪವಿಲ್ಲ, ತಾಳವಿಲ್ಲ. ಒಂದೇ ಸ್ವರದ ಮೇಲೆ ಮಾತು ಸಾಗುತ್ತದೆ, ಅಲ್ಪವಿರಾಮ ಬಂದಲ್ಲಿ ಸಣ್ಣಗೆ ಬಾಗುತ್ತದೆ, ಪೂರ್ಣವಿರಾಮದಲ್ಲಿ ಇಳಿದು ನಿಲ್ಲುತ್ತದೆ. ಗಮಕ ವಾಚನ ಕೇಳಿ ಬೆಳೆದ ಕಿವಿಗೆ ಇದು ದೂರದ್ದೇನಲ್ಲ, ಅರ್ಥ ಮುಂದೆ, ಸ್ವರ ಹಿಂದೆ. ಕನ್ನಡದಲ್ಲಿ ಹಾಡುವವರಿಗೆ ಒಂದು ತೊಡಕಿದೆ: ನಮ್ಮ ವಾಕ್ಯದ ಭಾರವೆಲ್ಲ ಕೊನೆಯ ಕ್ರಿಯಾಪದದ ಮೇಲೆ ಬೀಳುತ್ತದೆ, ಸ್ವರ ಇಳಿಯುವುದೂ ಅಲ್ಲೇ. ಉಸಿರು ಅಷ್ಟರಲ್ಲಿ ಮುಗಿದಿದ್ದರೆ ಮುಖ್ಯವಾದ ಪದವೇ ನುಂಗಿಹೋಗುತ್ತದೆ. ಆದ್ದರಿಂದ ಅಭ್ಯಾಸವನ್ನು ಸ್ವರದಿಂದ ಶುರು ಮಾಡದೆ, ಪಾಠವನ್ನು ಜೋರಾಗಿ ಗದ್ಯದಂತೆ ಓದಿ ಉಸಿರಿನ ಜಾಗಗಳನ್ನು ಗುರುತಿಸಿಕೊಳ್ಳುವುದು ಮೇಲು. ಕೀಬೋರ್ಡಿನ ಸ್ವಯಂಚಾಲಿತ ರಿದಮ್ ಹಾಕಿ ಇದನ್ನು ಭಾವಗೀತೆ ಮಾಡುವವರೂ ಇದ್ದಾರೆ. ಅದು ನಿಯಮಕ್ಕೂ ಹೊರಗು, ಕಿವಿಗೂ ಹೊರೆ.

ದಕ್ಷಿಣ ಇಟಲಿಯಲ್ಲಿ 10ರಿಂದ 13ನೆಯ ಶತಮಾನದವರೆಗೆ ಈ ಒಂದು ಹಾಡಿಗೆಂದೇ ಚರ್ಮದ ಉದ್ದ ಸುರುಳಿಗಳನ್ನು ಮಾಡುತ್ತಿದ್ದರು. ಬೆನೆವೆಂತೊ, ಮೊಂತೆ ಕಸ್ಸೀನೊ, ಬಾರಿ ಪ್ರದೇಶದ ಹಲವು ಸುರುಳಿಗಳು ಇಂದಿಗೂ ಉಳಿದಿವೆ. ಹೆಚ್ಚಿನ ಸುರುಳಿಗಳಲ್ಲಿ ಪಾಠ ಮತ್ತು ಸ್ವರಚಿಹ್ನೆ ಒಂದು ದಿಕ್ಕಿಗೆ, ಚಿತ್ರಗಳು ಅದಕ್ಕೆ ತಲೆಕೆಳಗಾಗಿ. ಡೀಕನ್ ಎತ್ತರದ ವೇದಿಕೆಯ ಮೇಲೆ ನಿಂತು ಹಾಡುತ್ತ ಹಾಡುತ್ತ ಮುಗಿದ ಭಾಗವನ್ನು ಮುಂದಕ್ಕೆ ಇಳಿಬಿಟ್ಟರೆ, ಕೆಳಗೆ ನಿಂತವರಿಗೆ ಚಿತ್ರ ನೆಟ್ಟಗೆ ಕಾಣುವ ಏರ್ಪಾಡು. ಹೂವಿನ ಮೇಲೆ ಕೂತ ಜೇನ್ನೊಣಗಳ ಚಿತ್ರವೂ ಅವುಗಳಲ್ಲಿದೆ.

ಪ್ರಘೋಷ ಮುಗಿದ ಮೇಲೆ ಬತ್ತಿಗಳನ್ನು ಆರಿಸಿ ಕೂರುತ್ತಾರೆ. ಹಳೆಯ ಒಡಂಬಡಿಕೆಯ ಏಳು ವಾಚನಗಳು, ಒಂದೊಂದರ ಹಿಂದೆಯೂ ಒಂದು ಕೀರ್ತನೆ, ಒಂದು ಪ್ರಾರ್ಥನೆ. ಸೃಷ್ಟಿಯಿಂದ ಶುರುವಾಗಿ ಅಬ್ರಹಾಮ, ಕೆಂಪುಸಮುದ್ರ, ಯೆಶಾಯ, ಬಾರೂಕ, ಯೆಜೆಕಿಯೇಲರವರೆಗೆ. ತುರ್ತಿದ್ದರೆ ಮೂರಕ್ಕೆ ಇಳಿಸಬಹುದು, ಕೆಂಪುಸಮುದ್ರದ ವಾಚನ ಮಾತ್ರ ಯಾವ ಕಾರಣಕ್ಕೂ ಬಿಡುವಂತಿಲ್ಲ. ಅದರ ಹಿಂದೆ ಬರುವುದು ವಿಮೋಚನಾಕಾಂಡದ 15ನೆಯ ಅಧ್ಯಾಯದ ವಿಜಯಗೀತೆ, ಮೋಶೆಯೂ ಇಸ್ರಾಯೇಲರೂ ಹಾಡಿದ್ದು; ಮಿರ್ಯಾಮಳು ದಮ್ಮಡಿ ಬಡಿದದ್ದು ಅಲ್ಲಿಯೇ. ಓದುತ್ತಿದ್ದವರು ಸಮುದ್ರ ದಾಟಿದ ಜನರ ಕಥೆ ಮುಗಿಸುತ್ತಲೇ, ಆ ಜನ ಹಾಡಿದರೆಂಬಲ್ಲಿಗೆ ಗಾನವೃಂದ ಹಾಡನ್ನು ಎತ್ತಿಕೊಳ್ಳುತ್ತದೆ. ಕಥೆಯೊಳಗಿನ ಹಾಡು ಚರ್ಚಿನ ಹಾಡಾಗುವ ಈ ಜಾಗದಲ್ಲಿ ಒಂದು ಕ್ಷಣ ತಡವಾದರೂ ಕಳೆ ಹೋಗುತ್ತದೆ. ಹಾಡುವವರು ವಾಚನದ ಕೊನೆಯ ಎರಡು ಸಾಲಿಗೇ ಎದ್ದು ನಿಂತಿರಬೇಕು.

ಜಾಗರಣೆ ಎಳೆಯುತ್ತದೆ ಎಂದು ಜನ ಗೊಣಗುವುದು ಈ ವಾಚನಗಳ ಹೊತ್ತಿನಲ್ಲೇ. ಗೊಣಗಾಟದಲ್ಲಿ ಹುರುಳಿಲ್ಲದಿಲ್ಲ. ಏಳು ಕೀರ್ತನೆಗಳನ್ನೂ ಒಬ್ಬರೇ, ಒಂದೇ ಧಾಟಿಯಲ್ಲಿ, ಒಂದೇ ಕೀಬೋರ್ಡಿನ ಮುಂದೆ ಹಾಡಿದರೆ ಮೂರನೆಯದರ ಹೊತ್ತಿಗೆ ಮಕ್ಕಳು ಬೆಂಚಿನ ಮೇಲೆ ನಿದ್ದೆಹೋಗಿರುತ್ತಾರೆ. ಸೃಷ್ಟಿಯ ಕೀರ್ತನೆಗೆ ಹೆಂಗಸರ ದನಿ, ಅಬ್ರಹಾಮನದಕ್ಕೆ ಒಂಟಿ ಗಂಡುದನಿ, ಕೆಂಪುಸಮುದ್ರಕ್ಕೆ ಇಡೀ ವೃಂದ, ನೀರಿಗಾಗಿ ಹಾತೊರೆಯುವ ಜಿಂಕೆಯ 42ನೆಯ ಕೀರ್ತನೆಗೆ ಬರಿಯ ತಂಬೂರಿ, ಹೀಗೆ ಹಂಚಿದರೆ ಅದೇ ಹೊತ್ತು ಹಗುರಾಗುತ್ತದೆ. ಬೆಂಗಳೂರಿನಂಥ ಊರಿನ ಧರ್ಮಕೇಂದ್ರಗಳಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಭಾಷೆಯವರು ಒಂದೇ ಜಾಗರಣೆಗೆ ಸೇರುವುದುಂಟು. ವಾಚನ ಯಾವ ಭಾಷೆಯದೋ ಕೀರ್ತನೆ ಅದೇ ಭಾಷೆಯದಾಗಿದ್ದರೆ ಕೇಳುವವರಿಗೆ ದಾರಿ ತಪ್ಪದು. ಕೊನೆಗಳಿಗೆಯ ರಾಜಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚೂರು ಹಂಚಿದಾಗ ಆಗುವ ಕಲಸುಮೇಲೋಗರವನ್ನು ಯಾವ ಗಾನವೃಂದವೂ ಉಳಿಸಲಾರದು.

ಕೊನೆಯ ಹಳೆಯ ಒಡಂಬಡಿಕೆಯ ವಾಚನ, ಅದರ ಪ್ರಾರ್ಥನೆ ಮುಗಿದ ಮೇಲೆ ಪೀಠದ ಬತ್ತಿಗಳು ಹೊತ್ತುತ್ತವೆ, ಗುರುಗಳು ಗ್ಲೋರಿಯ ಎತ್ತುತ್ತಾರೆ, ಗುರುವಾರದಿಂದ ಕಟ್ಟಿಟ್ಟ ಗಂಟೆಗಳು ಬಿಚ್ಚಿಕೊಳ್ಳುತ್ತವೆ. ಗೋಪುರದ ಹಗ್ಗಕ್ಕೆ ಇಬ್ಬರು, ಕೈಗಂಟೆಗೆ ಪೂಜಾ ಸಹಾಯಕ ಹುಡುಗರು. ಆರ್ಗನ್, ತಬಲ, ಗಿಟಾರ್, ಇದ್ದದ್ದೆಲ್ಲ. ಇಲ್ಲಿ ಗಾನವೃಂದದವರು ಎದುರಿಸುವ ಸಮಸ್ಯೆ ತೀರ ಲೌಕಿಕವಾದದ್ದು: ಗಂಟೆಯ ಗದ್ದಲದಲ್ಲಿ ಹಾಡಿನ ಶ್ರುತಿಯೇ ಕೇಳಿಸುವುದಿಲ್ಲ. ಗಂಟೆ ಮೊದಲ ಪದ್ಯಕ್ಕಷ್ಟೇ ಎಂದು ಹಗ್ಗ ಹಿಡಿದವರಿಗೆ ಮೊದಲೇ ಹೇಳಿರಬೇಕು. ಹೇಳಿದರೂ, ಎರಡು ದಿನ ಸುಮ್ಮನಿದ್ದ ಹುಡುಗರು ಕೈಗಂಟೆಯನ್ನು ಅಷ್ಟು ಸುಲಭಕ್ಕೆ ಕೆಳಗಿಡುವುದಿಲ್ಲ.

ಗ್ಲೋರಿಯಕ್ಕಿಂತ ದೊಡ್ಡದು ಇನ್ನೂ ಬಾಕಿ. ಸಂತ ಪೌಲರ ಪತ್ರದ ವಾಚನವಾದ ಮೇಲೆ ಎಲ್ಲರೂ ಏಳುತ್ತಾರೆ, ಗುರುಗಳು ಅಲ್ಲೆಲೂಯವನ್ನು ಮೂರು ಸಲ, ಪ್ರತಿ ಸಲ ಒಂದು ಮೆಟ್ಟಿಲು ಮೇಲೆ, ಹಾಡುತ್ತಾರೆ. ಪ್ರತಿ ಸಲವೂ ಜನ ಅದನ್ನೇ ಮರಳಿ ಹಾಡುತ್ತಾರೆ. ನಲವತ್ತಕ್ಕೂ ಹೆಚ್ಚು ದಿನ ಬಾಯಿಗೆ ಬಾರದ ಪದ. ಆರಂಭದ ಬೆಳಕಿನ ಘೋಷಣೆ ಮೂರು ಸಲ ಏರಿದ್ದು ಕಿವಿಯಲ್ಲಿ ಇನ್ನೂ ಇರುತ್ತದೆ, ಆದ್ದರಿಂದ ಇದೂ ಏರುವಾಗ ಜನಕ್ಕೆ ಏನು ಮಾಡಬೇಕೆಂದು ಯಾರೂ ಕಲಿಸಬೇಕಿಲ್ಲ. ಇದರ ಬೆನ್ನಿಗೇ 118ನೆಯ ಕೀರ್ತನೆ. ಗುರುಗಳಿಗೆ ಸ್ವರ ಕೈಕೊಡುತ್ತದೆ ಎಂದಾದರೆ ಗಾನವೃಂದದವರು ಎತ್ತಿಕೊಡಬಹುದು. ರೆಕಾರ್ಡ್ ಹಾಕುವ ಉಪಾಯವನ್ನು ಮಾತ್ರ ಯಾರೂ ಮಾಡಬಾರದು. ನಡುಗುವ ದನಿಯಾದರೂ ಸರಿ, ಎದುರಿಗೆ ನಿಂತ ಮನುಷ್ಯನದಾಗಿರಬೇಕು.

ಆಮೇಲೆ ನೀರಿನ ಭಾಗ. ಸ್ನಾನದೀಕ್ಷೆ ಪಡೆಯುವವರಿದ್ದರೆ ಅವರನ್ನು ತೊಟ್ಟಿಯ ಕಡೆಗೆ ಕರೆದೊಯ್ಯುವಾಗ ಸಂತರ ಮನವಿಮಾಲೆ ಹಾಡುತ್ತಾರೆ. ಒಬ್ಬರು ಒಬ್ಬೊಬ್ಬ ಸಂತರ ಹೆಸರು ಕೂಗಿದಂತೆ ಜನ ನಮಗಾಗಿ ಪ್ರಾರ್ಥಿಸಿರೆಂದು ಒಂದೇ ಉತ್ತರ ಕೊಡುತ್ತ ಹೋಗುತ್ತಾರೆ. ಬೇರೆ ಸಂದರ್ಭದಲ್ಲಿ ಇದಕ್ಕೆ ಮೊಣಕಾಲೂರುತ್ತಾರೆ, ಪಾಸ್ಖ ಕಾಲವಾದ್ದರಿಂದ ಇಂದು ನಿಂತೇ. ಆ ಚರ್ಚಿನ ಪಾಲಕ ಸಂತರ, ದೀಕ್ಷೆ ಪಡೆಯುವವರ ಹೆಸರಿನ ಸಂತರ ಹೆಸರುಗಳನ್ನು ಸೇರಿಸಿಕೊಳ್ಳಬಹುದು. ತಮ್ಮ ಹೆಸರು ಬಂದಾಗ ದೀಕ್ಷಾರ್ಥಿಗಳು ತಲೆಯೆತ್ತಿ ನೋಡುವುದುಂಟು.

ಇಡೀ ರಾತ್ರಿಯ ಹಾಡುಗಳ ಕಟ್ಟನ್ನು ಒಮ್ಮೆ ಗಮನಿಸಿ. ಜನರ ಪಾಲಿಗೆ ಬರುವುದೆಲ್ಲ ಚಿಕ್ಕ ಚಿಕ್ಕ ಉತ್ತರ. ಒಬ್ಬರು ಹೇಳಿಕೊಡುವುದು, ಉಳಿದವರು ಮರಳಿಸುವುದು, ನಮ್ಮ ಊರಿನ ಭಜನೆಯ ಕ್ರಮ. ಕತ್ತಲಲ್ಲಿ ಪುಸ್ತಕ ಕಾಣುವುದಿಲ್ಲ, ಒಂದು ಕೈಯಲ್ಲಿ ಬತ್ತಿ, ಇನ್ನೊಂದು ಕೈಯಲ್ಲಿ ಮಗು. ಅಂಥವರು ಹಾಡಬಲ್ಲಂತೆ ಹಾಡುಗಳನ್ನು ಕಟ್ಟಿದ್ದಾರೆ. ಹೊಸ ಹೊಸ ಉದ್ದದ ಗೀತೆಗಳನ್ನು ತಂದು ಪ್ರೊಜೆಕ್ಟರಿನಲ್ಲಿ ತೋರಿಸುವ ಗಾನವೃಂದಗಳು ಕತ್ತಲೆಯನ್ನೂ ಕಳೆದುಕೊಳ್ಳುತ್ತವೆ, ಜನರ ದನಿಯನ್ನೂ.

ಇದೆಲ್ಲ ಕನ್ನಡದಲ್ಲಿ ಕೇಳಿಸತೊಡಗಿದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ. 1963ರ ಡಿಸೆಂಬರಿನಲ್ಲಿ ಹೊರಬಂದ ಆರಾಧನಾ ಸಂವಿಧಾನ ಜನಭಾಷೆಗಳಿಗೆ ಬಾಗಿಲು ತೆರೆಯಿತು. ಅದರ ಬೆನ್ನಿಗೆ 1967ರಲ್ಲಿ ಬೆಂಗಳೂರಿನಲ್ಲಿ ಫಾದರ್ ಡಿ. ಎಸ್. ಅಮಲೋರ್ಪವದಾಸ್ ನೇತೃತ್ವದಲ್ಲಿ ಎನ್‌ಬಿಸಿಎಲ್‌ಸಿ ಎಂದೇ ಪರಿಚಿತವಾದ ರಾಷ್ಟ್ರೀಯ ಕೇಂದ್ರ ಹುಟ್ಟಿತು. ಆರತಿ, ನೆಲದ ಮೇಲೆ ಕೂರುವುದು, ಭಜನೆಯ ಧಾಟಿ ಪೂಜೆಯಲ್ಲಿ ಸಲ್ಲುತ್ತವೆಯೇ ಎಂದು ದೇಶಕ್ಕೇ ತೋರಿಸಲು ಹೊರಟ ಕೇಂದ್ರ ಅದು. ಆ ಪ್ರಯೋಗಗಳಿಗೆ ವಿರೋಧವೂ ಸಾಕಷ್ಟು ಬಂತು. ಇವತ್ತು ಕನ್ನಡ ಗಾನವೃಂದವೊಂದರ ಗ್ಲೋರಿಯದಲ್ಲಿ ಹಾರ್ಮೋನಿಯಂ, ತಬಲ ಕೇಳಿಸಿದರೆ ಯಾರೂ ಹುಬ್ಬೇರಿಸುವುದಿಲ್ಲ. ಪಾಸ್ಖ ಪ್ರಘೋಷದಂಥ ಪಠಣದ ಭಾಗಕ್ಕೆ ನಮ್ಮದೇ ವಾಚನ ಪರಂಪರೆಯಿಂದ ಇನ್ನೂ ಬಹಳ ತೆಗೆದುಕೊಳ್ಳಬಹುದಿತ್ತು, ಅಷ್ಟಾಗಿ ಆಗಿಲ್ಲ ಎಂಬುದು ನನ್ನ ದೂರು.

ಪರಮಪ್ರಸಾದವಾದ ಮೇಲೆ, ಗುರುವಾರ ಬಾಕಿ ಉಳಿಸಿದ್ದ ಬೀಳ್ಕೊಡುಗೆ ಕೊನೆಗೂ ಬರುತ್ತದೆ. ಡೀಕನ್ ಜನರನ್ನು ಕಳಿಸಿಕೊಡುವ ಮಾತಿಗೆ ಎರಡು ಅಲ್ಲೆಲೂಯ ಸೇರಿಸಿ ಹಾಡುತ್ತಾರೆ, ಜನರೂ ಎರಡನ್ನು ಸೇರಿಸಿ ಉತ್ತರಿಸುತ್ತಾರೆ. ಅದಕ್ಕೊಂದು ವಿಶೇಷ ಧಾಟಿಯುಂಟು. ಈ ಜೋಡಿ ಅಲ್ಲೆಲೂಯ ಮುಂದಿನ ಭಾನುವಾರದವರೆಗೆ ಎಂಟು ದಿನ ಮಾತ್ರ, ಆಮೇಲೆ ಐವತ್ತನೆಯ ದಿನ ಪೆಂತೆಕೋಸ್ತಿಗೆ ಮತ್ತೊಮ್ಮೆ. ಗಾನವೃಂದದ ಹೊಸಬರು ಒಂಬತ್ತನೆಯ ದಿನವೂ ಅಭ್ಯಾಸಬಲದಿಂದ ಅದನ್ನೇ ಎತ್ತಿಕೊಂಡು, ಕೀಬೋರ್ಡಿನವರ ಕಣ್ಸನ್ನೆಗೆ ಅರ್ಧದಲ್ಲಿ ನಿಲ್ಲಿಸುವುದು ಪ್ರತಿ ವರ್ಷದ ಮಾಮೂಲು.